ಹಿಡಿ ರಾಗಿಗೊಂದು ಹೆಸರು

ಈಗಲೂ ಹೊಸೂರಿನಾಚೆಯ ತಳಿ ಊರಿನ ಕಡೆ ಯಾವುದಾದರೂ ಮನೆಯಲ್ಲಿ ಕಲ್ಲಿನಲ್ಲಿ ಬೀಸಿದ ರಾಗಿ ಹಿಟ್ಟಿನ ವಾಸನೆ ಬಂದರೆ ನಾನು ಹೊರಟ ಕೆಲಸ ಮರೆತು ನಿಂತುಬಿಡುತ್ತೇನೆ. ಗಿರಣಿಯ ಹಿಟ್ಟಿಗೆ ಆ ವಾಸನೆಯಿಲ್ಲ. ಕಲ್ಲಿನ ಸುತ್ತ ನಿಧಾನವಾಗಿ ಉದುರುವ ಹಿಟ್ಟಿನದು ಬಿಸಿಲಿಗೆ ಹಾಕಿದ ಕಂಬಳಿಯಂಥ ಬೆಚ್ಚನೆಯ ವಾಸನೆ. ನಿಮ್ಮ ಮನೆಯಲ್ಲೂ ಅಂಥದೊಂದು ಕಲ್ಲಿದ್ದಿರಬಹುದು, ಬೀಸುವಾಗ ಹಾಡುವ ಅಮ್ಮನೂ ಇದ್ದಿರಬಹುದು. ನಮ್ಮಮ್ಮ ಹಾಡುತ್ತಿರಲಿಲ್ಲ. ಒಂದೊಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕುವಾಗಲೂ ಒಂದೊಂದು ಹೆಸರು ಹೇಳುತ್ತಿದ್ದಳು.

ಯುದ್ಧದ ಕಾಲ ಅದು. ಹೊಸೂರಿನಲ್ಲಿ ಚರ್ಚಿನ ಹಿಂದಿದ್ದ ಎರಡು ಕೋಣೆಯ ಹೆಂಚಿನ ಮನೆ ನಮ್ಮದು. ಅಪ್ಪ ಉಪದೇಶಿ. ಸೋಮವಾರ ಹೊರಟರೆ ಅಂಚೆಟ್ಟಿ ಕಡೆಯ ಕಾಡು ಹಳ್ಳಿಗಳನ್ನು ನಡೆದೇ ಸುತ್ತಿ, ಯೇಸುಸ್ವಾಮಿಯ ಮಾತು ಹೇಳಿ, ಶನಿವಾರ ಬರುತ್ತಿದ್ದರು. ಬಂದವರು ಜಗಲಿಯ ಮೇಲೆ ಕೂತು, ಒಡೆದ ಕಾಲಿಗೆ ಅಮ್ಮ ಬಿಸಿನೀರು ಹುಯ್ಯುತ್ತಿದ್ದ ಹಾಗೆ, ಆ ವಾರ ಕಂಡ ಜನರ ಹೆಸರು ಹೇಳುತ್ತಾ ಹೋಗುತ್ತಿದ್ದರು. ಯಾರಿಗೆ ಚಳಿಜ್ವರ, ಯಾರು ಮಜ್ಜಿಗೆ ಕೊಟ್ಟರು, ಯಾರು ಬಾಗಿಲು ಹಾಕಿಕೊಂಡರು, ಎಲ್ಲಾ. ಓದು ಬಾರದ ಅಮ್ಮ ಒಂದನ್ನೂ ಮರೆಯುತ್ತಿರಲಿಲ್ಲ. ಮಾರನೆಯ ವಾರ ಕೋಳಿ ಕೂಗುವ ಹೊತ್ತಿಗೆ ಅಷ್ಟೂ ಜನ ರಾಗಿಯ ಜೊತೆ ಕಲ್ಲಿನ ಮುಂದೆ ಬರುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಹಿಡಿ, ಒಂದು ಪ್ರಾರ್ಥನೆ; ಬಾಗಿಲು ಹಾಕಿಕೊಂಡವರಿಗೆ ಎರಡು ಹಿಡಿ. ಪಕ್ಕದ ಮನೆಯ ಚಿನ್ನಮ್ಮಕ್ಕ ಗೋಡೆಯಾಚೆಯಿಂದ, ಇವತ್ತು ಯಾರನ್ನು ಬೀಸಿದೆಯಮ್ಮಾ ಎಂದು ಗೇಲಿ ಮಾಡಿದರೆ, ಅಮ್ಮ ತಲೆಯೆತ್ತದೆ, “ನಿನ್ನೂ ಬಿಟ್ಟಿಲ್ಲ ಕಣಕ್ಕಾ” ಅನ್ನುತ್ತಿದ್ದಳು. ಅಪ್ಪನಿಗೆ ಮಾತ್ರ ಅದು ಗೇಲಿಯ ಮಾತಲ್ಲ. “ನಾನು ನಡೆಯೋದಷ್ಟೇ. ಊರ ಬಾಗ್ಲು ತೆಗ್ಸೋದು ಇವ್ಳು. ಇವ್ಳು ಎದ್ದಿದ್ದು ತಡವಾದ್ರೆ ಅಲ್ಲಿ ಜನ ಕರ್ಯೋಕ್ ಮೊದ್ಲು ನಾಯಿ ಬೊಗಳ್ತದೆ” ಎನ್ನುತ್ತಿದ್ದರು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೆ ಯಾವತ್ತೂ ನಾಚಿಕೊಂಡವನಲ್ಲ. ಗಾಡಿ ಚಕ್ರ ಮಾಡುವ ಆಚಾರಿಯ ಹತ್ತಿರ ಸೇರಿ, ಹದಿನಾಲ್ಕು ತುಂಬುವ ಹೊತ್ತಿಗೆ ದೊಡ್ಡವರ ಸಮಕ್ಕೆ ಮರ ಕೆತ್ತುವ ಬಾಚಿ ಬೀಸುತ್ತಿದ್ದೆ. ಬೆವರು ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ ಎಂಬುದು ನನ್ನ ಲೆಕ್ಕ. ಪೇಟೆಗೆ ಎಣ್ಣೆ ಇಂಜಿನ್ನಿನ ಗಿರಣಿ ಬಂತಲ್ಲ, ಆ ವಾರವೇ ರಾಗಿ ಮೂಟೆಯನ್ನು ಹೆಗಲ ಮೇಲೆ ಹೊತ್ತು ನಡೆದೆ. ಇನ್ನು ಅಮ್ಮ ತೋಳು ನೋಯಿಸಿಕೊಳ್ಳಬೇಕಿಲ್ಲ ಎಂಬ ಹೆಮ್ಮೆ ನನಗೆ. ಹಿಟ್ಟು ತಂದಿಟ್ಟಾಗ ಅಮ್ಮ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ನುಣ್ಣಗಿದೆ ಎಂದಳು.

ಮೂರು ನಾಲ್ಕು ವಾರದ ಮೇಲೆ ಅಪ್ಪ ಜಗಲಿಯ ಮೇಲೆ ಕೂತು, “ಹೋದ್ ವಾರ ಹೇಳಿದ್ನಲ್ಲ, ಆ ಮಾದಮ್ಮನ ಹೆಸ್ರು ಹೇಳ್ದೇನೇ?” ಎಂದು ಕೇಳಿದರು. ಅಮ್ಮ ನೀರು ಹುಯ್ಯುವುದನ್ನು ನಿಲ್ಲಿಸಿ ಇಲ್ಲವೆಂದಳು. ಅಪ್ಪ ಬೈಯಲಿಲ್ಲ. ಆ ಶನಿವಾರ ಬೇರೆ ಹೆಸರುಗಳನ್ನೂ ಹೇಳಲಿಲ್ಲ. ಮಾರನೆಯ ಸಲ ನಾನು ಗಿರಣಿಗೆ ಹೊರಟಾಗ ಅಮ್ಮ ಬಾಗಿಲಿಗೆ ಬಂದು ತಡೆದಳು.

“ಒಂದ್ ಮೊರ ರಾಗಿ ಬುಟ್ಟು ಹೋಗ್ಲಾ. ನಾನೇ ಬೀಸ್ಕೊತೀನಿ. ಕೈ ಆಡ್ದೆ ಇದ್ರೆ ಹೆಸ್ರು ಬರಲ್ಲ.”

“ದುಡಿಯೋ ಮಗ ಇದ್ದೂ ಕಲ್ಲು ತಿರುಗುಸ್ತಾಳೆ ಅಂತ ಜನ ಆಡ್ಕೊಳ್ಳಲ್ವಾ? ಜಪ ಮಾಡಕ್ಕೆ ಕಲ್ಲೇ ಬೇಕಾ? ಸುಮ್ನೆ ಕೂತು ಮಾಡು.”

ಅವಳು ಕೂತು ನೋಡಿದಳು. ಒಂದು ಬೆಳಿಗ್ಗೆ ನಾನು ಕಂಡೆ. ಬರಿಯ ಕಲ್ಲಿನ ಮುಂದೆ ಕೂತು, ಮಡಿಲಲ್ಲಿ ಬಲಗೈಯನ್ನು ಸುಮ್ಮನೆ ತಿರುಗಿಸುತ್ತಿದ್ದಳು. ನಾಲ್ಕನೇ ಹೆಸರಿಗೆ ತಡವರಿಸಿ, ಮತ್ತೆ ಮೊದಲಿಂದ ಶುರುಮಾಡಿ, ಎದ್ದುಹೋದಳು. ನೋಡಿದವನು ನಾನೇ. ಆದರೂ ಆ ವಾರವೇ ಕಲ್ಲನ್ನು ಉರುಳಿಸಿಕೊಂಡು ಹೋಗಿ ಹಿತ್ತಲ ಕೆಸರಿಗೆ ಮೆಟ್ಟಿಲು ಮಾಡಿದೆ.

ಮುಂದಿನ ವರ್ಷ ಅಪ್ಪ ಜ್ವರದಲ್ಲಿ ತೀರಿಕೊಂಡರು. ಕಾಡಿನ ಒಂದು ಹಳ್ಳಿಯಲ್ಲಿ ಉಳಿದಿದ್ದ ಅವರ ಕಂಬಳಿ, ವೇದಪುಸ್ತಕ ತರಲು ನಾನು ನಡೆದುಹೋದೆ. ಯಾವ ನಾಯಿ ಬೊಗಳಿತು, ಯಾವುದು ಇಲ್ಲ ಎಂಬುದನ್ನು ಗಮನಿಸಲಿಲ್ಲ. ಅಲ್ಲೊಬ್ಬ ಮುದುಕಿ, ನಿಮ್ಮಮ್ಮ ಈಗಲೂ ನಮ್ಮ ಹೆಸರು ಹೇಳುತ್ತಾರಾ, ಉಪದೇಶಿ ಹೇಳಿದ್ದರು ಎಂದು ಕೇಳಿದಳು. ಹೂಂ ಅಂದೆ. ಬೇರೇನು ಹೇಳಲಿ? ಆಕೆ ಒಳಗೆ ಹೋಗಿ ಒಂದು ಹಸುಗೂಸನ್ನು ಎತ್ತಿಕೊಂಡು ಬಂದಳು. ತಾಯಿ ಹೆರಿಗೆಯಲ್ಲೇ ಹೋದಳಂತೆ.

“ಹಂಗಾದ್ರೆ ಈ ಕೂಸಿನ್ ಹೆಸ್ರೂ ಹೇಳಕ್ಕೆ ಹೇಳಪ್ಪ” ಎಂದು, ಆ ಹೆಸರನ್ನು ನನ್ನ ಬಾಯಲ್ಲಿ ಎರಡು ಸಲ ಹೇಳಿಸಿದಳು.

ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಬಂದೆ. ಮನೆಯಲ್ಲಿ ಅಮ್ಮ ನನ್ನ ಕಾಲಿಗೆ ನೀರು ಹುಯ್ಯುತ್ತಾ, ಅಲ್ಲಿ ಯಾರು ಸಿಕ್ಕಿದ್ದರು ಎಂದು ಕೇಳಿದಳು. ಹೆಸರು ಹೇಳಬೇಕಾದರೆ ಆಡಿದ ಸುಳ್ಳನ್ನೂ ಹೇಳಬೇಕಿತ್ತು. ಯಾರೂ ಸಿಗಲಿಲ್ಲ ಎಂದೆ. ಅವಳು ಉಳಿದ ನೀರನ್ನೂ ಹುಯ್ದು, ಚೆಂಬು ಎತ್ತಿಕೊಂಡು ಒಳಗೆ ಹೋದಳು.

ಅಮ್ಮ ಹೋಗಿ ಬಹಳ ಕಾಲವಾಯಿತು. ಆ ಕೂಸು ಬದುಕಿತೋ ಇಲ್ಲವೋ ತಿಳಿಯಲಿಲ್ಲ. ಅದಕ್ಕಾಗಿ ನಾನೇ ಒಂದು ಮಾತು ಪ್ರಾರ್ಥಿಸೋಣವೆಂದು ಎಷ್ಟೋ ಸಲ ಮೊಣಕಾಲೂರಿದ್ದೇನೆ. ಹೆಸರು ನೆನಪಾಗುವುದಿಲ್ಲ.