ಲೋಟದ ಅಂಚಿನವರೆಗೆ

ಮಗಳ ಶಾಲೆಯಲ್ಲಿ ಇಂಗ್ಲಿಷ್ ಪಾಠಕ್ಕೆ ಹೊಸ ಪದ್ಧತಿಯೊಂದು ಬಂದಿದೆ. ಒಬ್ಬೊಬ್ಬರಿಗೆ ಒಂದೊಂದು ಪದ ಕೊಡುತ್ತಾರೆ. ಆ ಪದ ಎಲ್ಲೆಲ್ಲಿ, ಹೇಗೆಲ್ಲ ಬಳಕೆಯಾಗುತ್ತದೆ ಎಂದು ಮಕ್ಕಳು ಮನೆಯಲ್ಲೇ ವಿಡಿಯೊ ಮಾಡಿ ಕಳಿಸಬೇಕು. ನನ್ನ ಮಗಳ ಪಾಲಿಗೆ ಬಂದದ್ದು 'ಬ್ರಿಮ್'. ಎಂಟನೇ ತರಗತಿಯ ಹುಡುಗಿಗೆ ಕೊಟ್ಟ ಕೆಲಸ ಕೊನೆಗೆ ಯಾರ ತಲೆಗೆ ಬರುತ್ತದೆ ಎಂದು ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೋಡಲು ಪುಟ್ಟ ಪದ. ಆದರೆ ಅದು ಕೈ ಹಾಕದ ಜಾಗವಿಲ್ಲ. ಟೋಪಿಯ ಸುತ್ತ ಚಾಚಿಕೊಂಡ ಅಂಚೂ ಬ್ರಿಮ್, ಪಾತ್ರೆಯ ಬಾಯಂಚೂ ಬ್ರಿಮ್. ಕಣ್ಣಲ್ಲಿ ನೀರು ತುಂಬಿ ಇನ್ನೇನು ಕೆನ್ನೆಗೆ ಇಳಿಯಬೇಕು ಅನ್ನುವಾಗಲೂ ಅದೇ, ಯಾರಾದರೂ ಉತ್ಸಾಹದಿಂದ ಉಕ್ಕುತ್ತಿದ್ದರೂ ಅದೇ. ಇಷ್ಟಕ್ಕೆಲ್ಲ ಮನೆಯೊಳಗೇ ದೃಶ್ಯ ಹುಡುಕಬೇಕು.

ಟೋಪಿಯಿಂದ ಶುರುಮಾಡಿದೆವು. ಬೀರು ಜಾಲಾಡಿದರೆ ಸಿಕ್ಕಿದ್ದು ನನ್ನವರ ಕ್ರಿಕೆಟ್ ಕ್ಯಾಪು, ನಮ್ಮ ಮದುವೆಯ ಪೇಟ, ಮತ್ತು ಅತ್ತೆಯವರು ಚೆನ್ನೈನಲ್ಲೂ ಡಿಸೆಂಬರ್ ಬಂತೆಂದರೆ ಹಾಕಿಕೊಳ್ಳುವ ಮಂಕಿ ಟೋಪಿ. ಕ್ಯಾಪಿಗೆ ಮುಂದೆ ಮಾತ್ರ ತುಂಡು ಅಂಚು, ಉಳಿದೆರಡಕ್ಕೆ ಅದೂ ಇಲ್ಲ. ವೇಲಚೇರಿ ಸ್ಟೇಷನ್ನಿನ ಮೆಟ್ಟಿಲ ಬಳಿ ತಳ್ಳುಗಾಡಿಯಲ್ಲಿ ಹುಲ್ಲಿನ ಟೋಪಿ ಮಾರುತ್ತಾರೆಂದು ಬಿಸಿಲಲ್ಲಿ ಹೋಗಿ ತಂದೆ. ಮಗಳು ಅದನ್ನು ತಲೆಗಿಟ್ಟು ಒಂದು ಸುತ್ತು ತಿರುಗಿ ಬಿಸಾಡಿದಳು. ಅದೀಗ ಬಾಲ್ಕನಿಯಲ್ಲಿ ಈರುಳ್ಳಿ ಬುಟ್ಟಿಯಾಗಿದೆ.

ಆಮೇಲೆ ಕೆರೆ ಬೇಕೆಂದಳು. ಮಳೆ ಜೋರಾದ ವಾರ ಕೆರೆ ತುಂಬಿ ನಿಂತಿರುತ್ತದಲ್ಲ, ಅದು. "ನಮ್ಮ ಏರಿಯಾದಲ್ಲಿ ಆ ಮಾತು ಆಡಬೇಡ ಮಾರಾಯ್ತಿ" ಅಂದೆ. ಇಲ್ಲಿ ಕೆರೆ ತುಂಬಿತು ಅಂದರೆ ಜನ ನೆರೆಗೆ ಹೆದರಿ ಕಾರುಗಳನ್ನು ಮೇಲುಸೇತುವೆಗೆ ಹತ್ತಿಸಲು ಓಡುತ್ತಾರೆ. ವಿಡಿಯೊ ತೆಗೆಯುವ ಮನಸ್ಸು ಯಾರಿಗಿರುತ್ತದೆ?

ಉಳಿದದ್ದು ಲೋಟ. ಅದಕ್ಕೆ ಬೇಕಾದವರು ಮನೆಯಲ್ಲೇ ಇದ್ದರು.

ನನ್ನ ಅತ್ತೆ ದಾವಣಗೆರೆ ಕಡೆಯವರು. ಬಂದವರಿಗೆ ಕಾಫಿಯಾಗಲಿ ಮಜ್ಜಿಗೆಯಾಗಲಿ, ಲೋಟದ ಅಂಚಿನವರೆಗೆ ಸುರಿದು ಕೊಡುವುದು ಅವರ ಮನೆತನದ ಕ್ರಮ. ಕುಡಿಯುವವರು ಲೋಟವನ್ನು ಕೂಡಲೇ ಎತ್ತುವಂತಿಲ್ಲ, ಎತ್ತಿದರೆ ಚೆಲ್ಲುತ್ತದೆ. ಮೊದಲ ಗುಟುಕನ್ನು ಬಗ್ಗಿ ಕುಡಿಯಬೇಕು. ಮೈಸೂರು ಕಡೆಯ ನಾನು ಮುಕ್ಕಾಲು ಲೋಟದವಳು. ಮದುವೆಯಾದ ಹೊಸತರಲ್ಲಿ ಹಾಗೆ ಕೊಟ್ಟಾಗ ಅವರು ಅಡುಗೆಮನೆಯಲ್ಲೇ ನನ್ನನ್ನು ತಡೆದಿದ್ದರು: "ಇಷ್ಟ ಕೊಟ್ರ ಬಂದೋರು ಏನ ತಿಳ್ಕಂತಾರವಾ? ಲಗೂನ ಎದ್ದು ಹೋಗ್ರಿ ಅಂದಂಗ ಆಗ್ತತಿ." ಅಂದಿನಿಂದ ಸುರಿಯುವ ಕೆಲಸ ಅವರದು, ಒರೆಸುವ ಕೆಲಸ ನನ್ನದು.

ಈಗೀಗ ಅವರ ಕೈ ನಡುಗುತ್ತದೆ. ಅವರು ಒಪ್ಪುವುದಿಲ್ಲ. ಚೆನ್ನೈ ಲೋಟಗಳ ತಗಡು ತೆಳ್ಳಗೆ, ಬೆರಳು ಸುಡುತ್ತದೆ, ಅದಕ್ಕೇ ಚೆಲ್ಲುತ್ತದೆ ಅನ್ನುತ್ತಾರೆ. ಕೈಯ ಮಾತೆತ್ತಲು ನನಗೂ ಬಾಯಿ ಬರಲಿಲ್ಲ. ಉಪಾಯ ಮಾಡಿ ದಪ್ಪ ತಳದ ದೊಡ್ಡ ಲೋಟ ತಂದೆ, ಅಷ್ಟೇ ಕಾಫಿ ಹಾಕಿದರೆ ಅಂಚಿಗಿಂತ ಕೆಳಗೇ ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ. ಅವರು ದೊಡ್ಡ ಲೋಟವನ್ನೂ ಅಂಚಿನವರೆಗೇ ತುಂಬಿದರು. ನೆಲದ ಮೇಲೆ ಮೊದಲಿಗಿಂತ ಹೆಚ್ಚು ಕಾಫಿ, ಹಾಲೂ ಒಂದು ಪ್ಯಾಕೆಟ್ ಹೆಚ್ಚು.

ವಿಡಿಯೊಗೆ ನೀವು ಬೇಕು ಎಂದಾಗ ಅತ್ತೆ ಬೇರೆ ಸೀರೆ ಉಟ್ಟು, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದರು. ಮಗಳು ಮೊಬೈಲು ಹಿಡಿದಳು. ಅತ್ತೆ ಸುರಿದರು. ಲೋಟ ತುಂಬಿತು, ಎತ್ತಿ ಮುಂದೆ ಚಾಚಿದರು, ಚೆಲ್ಲಿತು.

"ಅಜ್ಜಿ, ಸಿಂದಿಡುಚ್ಚು! ಇನ್ನೊರು ವಾಟ್ಟಿ" ಅಂದಳು ಮಗಳು. ಅಜ್ಜಿಯ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಚೆಲ್ಲಿಹೋಯ್ತು, ಇನ್ನೊಂದು ಸಲ ಮಾಡಿ ಅಂದದ್ದು ಅತ್ತೆಗೂ ತಿಳಿಯಿತು. ಇನ್ನೊಂದು ಸಲ ಚೆಲ್ಲಿತು, ಮತ್ತೊಂದು ಸಲವೂ.

"ಕೊಂಜಂ ಕಮ್ಮಿಯಾ ಊತ್ತುಂಗೊ ಅಜ್ಜಿ."

"ಕಡಿಮಿ ಹಾಕಿದ್ರ ಅದು ತುಂಬಿದ್ದು ಹೆಂಗಾಗ್ತತಿ? ನಿಮ್ಮ ಟೀಚರ್‌ಗೆ ಅಷ್ಟೂ ತಿಳಿಯಂಗಿಲ್ಲೇನು?"

"ಅಯ್ಯೋ ಅಜ್ಜಿ, ಬ್ರಿಮ್ ಅಂದ್ರೆ ಚೆಲ್ಲಬಾರದು!" ಸಿಟ್ಟು ಬಂದಾಗ ಮಾತ್ರ ಅವಳಿಗೆ ಕನ್ನಡ ಬರುತ್ತದೆ.

ನಾನು ಒರೆಸುವ ಬಟ್ಟೆ ಹಿಂಡುತ್ತ ಇಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡೆ. ಒಬ್ಬರು ಕಡಿಮೆ ಹಾಕುವುದಿಲ್ಲ, ಇನ್ನೊಬ್ಬಳು ಬಿಡುವುದಿಲ್ಲ.

ಸಂಜೆ ಮಗಳು ಊಟದ ಮೇಜಿನ ಬಳಿ ಆ ವಿಡಿಯೊ ತುಣುಕುಗಳನ್ನು ನಿಧಾನಗತಿಯಲ್ಲಿ ಹಾಕಿಕೊಂಡು ಕೂತಿದ್ದಳು. ಚೆಲ್ಲುವ ಮೊದಲಿನ ಒಂದು ಕ್ಷಣ ಸಿಕ್ಕಿದರೆ ಅಲ್ಲಿಗೇ ಕತ್ತರಿಸುವ ಯೋಚನೆ. ಪರದೆಯ ತುಂಬ ಒಂದು ಕೈ, ಒಂದು ಲೋಟ. ಅತ್ತೆ ಅವಳ ಹಿಂದೆ ಬಂದು ನಿಂತು ನೋಡಿದರು. ಮಗಳು ಹಿಂದಕ್ಕೆ ತಳ್ಳಿ ಮತ್ತೆ ಹಾಕಿದಳು. ಕೈ ಮತ್ತೆ ನಡುಗಿತು, ಇನ್ನೂ ನಿಧಾನವಾಗಿ.

"ಇದು ನನ್ನ ಕೈಯೇನ?" ಅಂದರು ಅತ್ತೆ.

ಮಗಳು ತಿರುಗಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಅತ್ತೆ ತಮ್ಮ ಕೋಣೆಗೆ ಹೋಗಿಬಿಟ್ಟಿದ್ದರು.

ಮಗಳು ಕೊನೆಗೆ ಬಚ್ಚಲಿನ ಬಕೆಟ್ಟು ತುಂಬುವುದನ್ನು ತೆಗೆದು ಕಳಿಸಿದಳು. ಟೀಚರ್ 'ಗುಡ್' ಎಂದರಂತೆ. ಮುಗಿಯಿತು. ಆದರೆ ಅತ್ತೆ ಅಡುಗೆಮನೆಯ ಕಡೆ ಬರುವುದನ್ನೇ ಬಿಟ್ಟರು. ಫಿಲ್ಟರಿಗೆ ಪುಡಿ ಹಾಕುವವರೂ ಅವರೇ ಆಗಿದ್ದರು, ಅದೂ ನಿಂತಿತು. ಕರೆದರೆ "ನೀನs ಹಾಕವಾ" ಅನ್ನುತ್ತಿದ್ದರು. ನೆಲ ಒಣಗಿತ್ತು, ಹಾಲು ಉಳಿಯುತ್ತಿತ್ತು. ನಾನು ತಿಂಗಳುಗಟ್ಟಲೆ ಬಯಸಿದ್ದು ಇದನ್ನೇ. ಆದರೂ ದಿನವಿಡೀ ಸಿಡಿಮಿಡಿ. ಮಗಳ ಮೇಲೆ, ಶಾಲೆಯ ಮೇಲೆ, ಮೈತುಂಬ ಅರ್ಥ ಇಟ್ಟುಕೊಂಡು ನಮ್ಮ ಮನೆಗೆ ಬಂದ ಆ ಪದದ ಮೇಲೆ. ವಿಡಿಯೊದಲ್ಲಿ 'ಕಣ್ಣು' ಅನ್ನುವ ಭಾಗಕ್ಕೆ ಮಗಳು ಈರುಳ್ಳಿ ಹೆಚ್ಚಿ ನಟಿಸಿದ್ದಳು. ನಿಜವಾಗಿ ಕಣ್ಣು ತುಂಬಿಕೊಂಡವರು ಪಕ್ಕದ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದರು.

ಭಾನುವಾರ, ಇಲ್ಲೇ ಚೆನ್ನೈನ ಪೋರೂರಿಗೆ ಹೊಸದಾಗಿ ಬಂದ ಅತ್ತೆಯ ಊರ ಕಡೆಯ ಗಂಡಹೆಂಡತಿ ಮನೆಗೆ ಬಂದರು. ಅತ್ತೆ ನಡುಮನೆಯಲ್ಲಿ ಕೂತು ಬಾಯ್ತುಂಬ ಮಾತಾಡಿದರು. ನಾನು ಒಳಗೆ ಕಾಫಿ ಹಾಕಿದೆ, ನನ್ನ ಮುಕ್ಕಾಲು ಅಳತೆ. ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಅತ್ತೆಯ ಕಣ್ಣು ಲೋಟಗಳ ಮೇಲೆ ಬಿತ್ತು. ಮುಖ ತಗ್ಗಿಸಿ ಸೆರಗಿನ ತುದಿ ಸುತ್ತತೊಡಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಟ್ಟೆಯನ್ನು ಹಾಗೇ ವಾಪಸು ಒಯ್ದೆ. ಕಾಫಿಯನ್ನೆಲ್ಲ ಹಿಡಿಯಿದ್ದ ಹಿತ್ತಾಳೆ ಚೊಂಬಿಗೆ ಸುರಿದು, ಖಾಲಿ ಲೋಟಗಳೊಂದಿಗೆ ತಂದು ಅತ್ತೆಯ ಮುಂದಿನ ಟೀಪಾಯಿಯ ಮೇಲಿಟ್ಟೆ.

"ನೀವೇ ಹಾಕಿ ಅತ್ತೆ. ಇಲ್ಲೇ ಹಾಕಿ. ಎತ್ತಿ ಕೊಡೋದೇನೂ ಬೇಡ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಕುಡಿಯೋರ ಮುಂದ ಹಾಕ್ತಾರೇನ? ಬ್ಯಾಡ ಸಾಕು ಅಂತ ಕೈ ಅಡ್ಡ ಹಿಡೀತಾರ ಅಷ್ಟs."

"ನಾನ್ಯಾಕ ಅಡ್ಡ ಹಿಡೀಲಬೇ" ಅಂದರು ಬಂದವರಲ್ಲಿ ಗಂಡಸು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. "ಹಾಕ್ರಿ. ಬೆಳಗಿಂದ ಈ ಊರಾಗ ಗುಟುಕು ಗುಟುಕು ಕುಡದು ಸಾಕಾಗೇತಿ."

ಅತ್ತೆ ಮಣಿಕಟ್ಟನ್ನು ಟೀಪಾಯಿಗೆ ಊರಿ ಚೊಂಬು ಬಗ್ಗಿಸಿದರು. ಧಾರೆ ಅಲುಗಾಡಿತು, ಒಂದಿಷ್ಟು ಹೊರಗೆ ಬಿತ್ತು, ಉಳಿದದ್ದು ಒಳಗೆ. ಅಂಚಿನವರೆಗೆ ಬಂದರೂ ಅವರು ನಿಲ್ಲಿಸಲಿಲ್ಲ. ಇನ್ನಷ್ಟು ಹಾಕಿದರು, ಕಾಫಿ ಅಂಚಿಗಿಂತ ಕೂದಲೆಳೆ ಮೇಲೆ ಉಬ್ಬಿ ನಿಂತಿತು. ಆತ ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು ಬಗ್ಗಿ ಸೊರ್ರನೆ ಹೀರಿದರು. ಮೀಸೆಗೆ ನೊರೆ ಅಂಟಿತು. ಅವರ ಹೆಂಡತಿ ನಕ್ಕು ತಮ್ಮ ಲೋಟವನ್ನೂ ಮುಂದೆ ಸರಿಸಿದರು.

ಅತ್ತೆ ಎರಡನೆಯ ಲೋಟವನ್ನು ಅರ್ಧ ತುಂಬಿಸಿ ಚೊಂಬಿನೊಳಗೆ ಇಣುಕಿದರು. ಮುಕ್ಕಾಲು ಮುಕ್ಕಾಲು ಹಾಕಿದ್ದ ಎರಡು ಲೋಟದ ಕಾಫಿ ಎರಡು ಪೂರ್ತಿ ಲೋಟಕ್ಕೆ ಎಲ್ಲಿಂದ ಸಾಕಾಗಬೇಕು?

"ಏನವಾ, ಇಷ್ಟs ಮಾಡೀಯೇನು?" ಅಂದರು, ಬಂದವರ ಎದುರಿಗೇ, ಮೊದಲಿನ ಗಟ್ಟಿ ದನಿಯಲ್ಲಿ. "ಹೋಗು, ಹಾಲು ಕಾಸು. ನಿಂಗ ಎಷ್ಟ ವರ್ಷ ಹೇಳಿಕೊಡಬೇಕ?"

ಮೈಯೆಲ್ಲ ಉರಿಯಿತು. ಟೀಪಾಯಿಯಿಂದ ಕಾಫಿ ಆಗಲೇ ಜಮಖಾನಕ್ಕೆ ತೊಟ್ಟಿಕ್ಕುತ್ತಿತ್ತು. ಒರೆಸುವ ಬಟ್ಟೆಯನ್ನು ಮಗಳ ಕೈಗೆ ಕೊಟ್ಟು, ಹಾಲು ಕಾಸಲು ಒಳಗೆ ಹೋದೆ.