ಅರ್ಧಕ್ಕೆ ನಿಂತ ಗೇಟ್ ವಾಲ್ವ್

ಆ ಕಟ್ಟಡದ ಪ್ಲಂಬರನನ್ನು ಎಲ್ಲರೂ ವಾಲ್ವ್ ಮಾವ ಎಂದೇ ಕರೆಯುತ್ತಿದ್ದರು. ಎಲ್ಲಿ ನೀರು ಸೋರಿದರೂ ಅವನ ಮೊದಲ ಪ್ರಶ್ನೆ ಒಂದೇ: "ವಾಲ್ವ್ ಮುಚ್ಚಿದ್ರಾ, ಇಲ್ಲ ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ರಾ?" ಮನೆಮನೆಯ ಬಾಲ್ ವಾಲ್ವಿನ ಹಿಡಿ ಪೈಪಿನ ಉದ್ದಕ್ಕಿದ್ದರೆ ನೀರು ಹರಿಯುತ್ತದೆ, ಅಡ್ಡಕ್ಕಿದ್ದರೆ ನಿಲ್ಲುತ್ತದೆ ಎಂದು ಚಿಕ್ಕ ಮಕ್ಕಳಿಗೂ ಕಲಿಸಿದ್ದ. ಹೂಗಿಡಗಳ ಲೈನಿಗೆ ಮಾತ್ರ ರಭಸ ಹೆಚ್ಚುಕಡಿಮೆ ಮಾಡಲು ಬರುವ ಗ್ಲೋಬ್ ವಾಲ್ವ್ ಹಾಕಿದ್ದ. ಮೆಟ್ಟಿಲ ಕೆಳಗೆ, ನೆಲಮಹಡಿಯ ಲೈನಿಗಿದ್ದ ಚಕ್ರದ ಗೇಟ್ ವಾಲ್ವನ್ನಂತೂ ಯಾರೂ ಮುಟ್ಟುವಂತಿರಲಿಲ್ಲ.

ಒಮ್ಮೆ ನೆಲಮಹಡಿಯಲ್ಲೇ ಅವನ ಎದುರುಮನೆಯಲ್ಲಿದ್ದ ದರ್ಜಿ ಹೆಂಗಸು ಮುಟ್ಟಿದ್ದಳು. ನಲ್ಲಿಯ ನೀರು ರಭಸಕ್ಕೆ ಬಟ್ಟೆಗೆ ಚಿಮ್ಮುತ್ತದೆಂದು ಚಕ್ರವನ್ನು ಅರ್ಧ ಮುಚ್ಚಿಟ್ಟಿದ್ದಳು. ಮೆಟ್ಟಿಲ ಹತ್ತಿರ, ಓಡಾಡುವವರೆಲ್ಲ ಕೇಳುವಂತೆ, ಅವನು ಅವಳ ಬೆವರಿಳಿಸಿದ್ದ.

"ಇದು ಬಾಗಿಲಿದ್ದ ಹಾಗೆ ಕಣಮ್ಮ. ಪೂರ್ತಿ ತೆಗೀಬೇಕು, ಇಲ್ಲ ಪೂರ್ತಿ ಹಾಕ್ಬೇಕು. ಅರ್ಧಕ್ಕೆ ಬಿಟ್ರೆ ಒಳಗೆ ಅಡ್ಡ ನಿಲ್ಲೋ ಬಿಲ್ಲೆನ ನೀರು ತಿಂದ್ಹಾಕತ್ತೆ, ಆಮೇಲೆ ಬೇಕಾದಾಗ ಮುಚ್ಚೋದೇ ಇಲ್ಲ. ಹೊಲಿಗೆ ಬುದ್ಧಿ ಪೈಪಿಗೆ ತೋರಿಸ್ಬೇಡ!"

ಜನ ನಕ್ಕಿದ್ದರು. ಅವಳು ತಲೆ ತಗ್ಗಿಸಿ ಒಳಗೆ ಹೋಗಿದ್ದಳು.

ಆಮೇಲೆ ಅವನ ಮನೆಯಲ್ಲೇ ಇದ್ದ ಮಗಳಿಗೆ ಮಗುವಾಯಿತು. ನಲ್ಲಿ ತೆರೆದಾಗಲೆಲ್ಲ ತೊಟ್ಟಿಲ ಪಕ್ಕದ ಗೋಡೆಯೊಳಗೆ ಪೈಪು ದಡದಡ ಬಡಿದುಕೊಳ್ಳುತ್ತಿತ್ತು. ಕೂಸು ಕೈಕಾಲು ಚೆಲ್ಲಿ ಬೆಚ್ಚಿಬೀಳುತ್ತಿತ್ತು. ಮಗಳು ಕಣ್ಣಿಗೆ ಕಣ್ಣು ಹಚ್ಚದೆ ಅದರ ಎದೆಯ ಮೇಲೆ ಕೈಯಿಟ್ಟು ಕೂತಿರುತ್ತಿದ್ದಳು.

"ಅಪ್ಪಾ, ಇದಕ್ಕೇನಾದ್ರೂ ಆದ್ರೆ? ಊರವರ ಪೈಪೆಲ್ಲ ರಿಪೇರಿ ಮಾಡ್ತೀಯ, ಮೊಮ್ಮಗಳಿಗೊಂದು ನಿದ್ದೆ ಕೊಡಕ್ಕಾಗಲ್ವಾ?"

ಪೈಪು ಅಲುಗದಂತೆ ಗೋಡೆ ಒಡೆದು ಅದಕ್ಕೆ ಕ್ಲಾಂಪ್ ಹಾಕಬೇಕಿತ್ತು. ಎಳೆಗೂಸಿನ ಮುಂದೆ ಅಷ್ಟು ಧೂಳೆ? ಅವನು ಮೆಟ್ಟಿಲ ಕೆಳಗೆ ಹೋದ. ಕಳ್ಳನಂತೆ ಆಚೀಚೆ ನೋಡಿ ಚಕ್ರವನ್ನು ಅರ್ಧ ಮುಚ್ಚಿದ. ರಭಸ ತಗ್ಗಿ ಪೈಪಿನ ಬಡಿತ ನಿಂತಿತು. ನಾಲ್ಕು ದಿನದ ಮಟ್ಟಿಗೆ ಎಂದು ಸಮಾಧಾನ ಹೇಳಿಕೊಂಡ. ಕೂಸು ಅಂಬೆಗಾಲಿಟ್ಟಿತು, ಗೋಡೆ ಹಿಡಿದು ನಡೆಯಿತು. ಚಕ್ರ ಅಲ್ಲೇ ಇತ್ತು.

ಒಂದು ಬೆಳಿಗ್ಗೆ ದರ್ಜಿಯ ಮನೆಯೊಳಗೆ ಪೈಪು ಸೀಳಿತು. ಸೀಳಿದ್ದು ನೀರು ಬರುವ ಕಡೆ, ಬಾಲ್ ವಾಲ್ವಿಗಿಂತ ಹಿಂದೆ, ಹಾಗಾಗಿ ಅವಳು ಹಿಡಿ ಅಡ್ಡ ಮಾಡಿದರೂ ಪ್ರಯೋಜನವಾಗಲಿಲ್ಲ. ವಾಲ್ವ್ ಮಾವ ಓಡಿಹೋಗಿ ಮೆಟ್ಟಿಲ ಕೆಳಗಿನ ಚಕ್ರ ತಿರುಗಿಸಿದ. ಅದು ಕೊನೆ ಮುಟ್ಟಿ ನಿಂತಿತು, ನೀರು ನಿಲ್ಲಲಿಲ್ಲ. ಬಿಲ್ಲೆ ಸವೆದುಹೋಗಿತ್ತು. ಏದುಸಿರು ಬಿಡುತ್ತ ತಾರಸಿಗೆ ಹತ್ತಿ ಟ್ಯಾಂಕಿನ ಬಟರ್‌ಫ್ಲೈ ವಾಲ್ವ್ ಮುಚ್ಚಿ ಬರುವಷ್ಟರಲ್ಲಿ ಅವಳು ಕತ್ತರಿಸಿ ನೆಲದ ಮೇಲೆ ಹರಡಿದ್ದ ಸಮವಸ್ತ್ರದ ಬಟ್ಟೆಯೆಲ್ಲ ತೊಯ್ದು, ನೀಲಿಯ ಬಣ್ಣ ಬಿಳಿಗೆ ಹತ್ತಿತ್ತು.

"ಮತ್ತೆ ನೀನೇ ಅರ್ಧಕ್ಕಿಟ್ಟಿರ್ತೀಯ. ಅವತ್ತು ಬೈಸ್ಕೊಂಡಿದ್ದು ಸಾಲ್ದಾ?" ಎಂದು ದರ್ಜಿಯನ್ನು ಗದರಿದಳು ಮೇಲ್ಮಹಡಿಯ ಅಜ್ಜಿ.

"ಇಲ್ಲ ಅಜ್ಜಿ, ಅವತ್ತಿಂದ ಆ ಕಡೆ ತಿರುಗೂ ನೋಡಿಲ್ಲ. ನೀವಾದ್ರೂ ಹೇಳಿ ಮಾವ," ಎಂದು ದರ್ಜಿ ಅವನತ್ತ ತಿರುಗಿದಳು.

ಅವನು ಸುಮ್ಮನಿದ್ದುಬಿಟ್ಟರೆ ಸಾಕಿತ್ತು, ಎಲ್ಲರೂ ತಪ್ಪು ಅವಳದೇ ಎಂದುಕೊಳ್ಳುತ್ತಿದ್ದರು. ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಮಗಳು ಅವನನ್ನೇ ನೋಡುತ್ತಿದ್ದಳು.

"ಅವಳಲ್ಲ," ಎಂದ. "ಅರ್ಧಕ್ಕಿಟ್ಟಿದ್ದು ನಾನು. ಕೂಸು ಬೆಚ್ಚಿಬೀಳ್ತಿತ್ತು ಅಂತ."

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ದರ್ಜಿ ಒದ್ದೆ ಬಟ್ಟೆಯ ಒಂದು ತುದಿಯನ್ನು ಅವನತ್ತ ಚಾಚಿದಳು. "ಹಿಡ್ಕೊಳ್ಳಿ, ಹಿಂಡೋಣ." ಅವನು ಕಣ್ಣೆತ್ತದೆ ಹಿಂಡಿದ. ಬೆರಳ ಸಂದಿಯಿಂದ ನೀಲಿ ನೀರು ಇಳಿಯಿತು.

ಮಾರನೆಯ ದಿನ ಹೊಸ ಗೇಟ್ ವಾಲ್ವ್ ಕೂರಿಸಿ, ಜನ ಓಡಾಡುವ ಹೊತ್ತು ನೋಡಿಯೇ ಅವಳನ್ನು ಮೆಟ್ಟಿಲ ಹತ್ತಿರ ಕರೆದ. "ಇಲ್ಲೇ ನಿಂತು ನಿನಗೆ ಬೈದಿದ್ದೆ ಕಣಮ್ಮ..." ಎನ್ನುತ್ತ ಚಕ್ರವನ್ನು ಅರ್ಧ ತೆರೆದು ನಿಂತ.

"ಮೊದ್ಲು ಪೂರ್ತಿ ತೆಗೀರಿ ಮಾವ, ಆಮೇಲೆ ಮಾತು," ಎಂದಳು ಅವಳು.

ಈಗ ಜನ ನಕ್ಕರು. ಕಿವಿಯವರೆಗೂ ಕೆಂಪಾಗಿ ಅವನು ಚಕ್ರವನ್ನು ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದ. ಗೋಡೆಯೊಳಗೆ ಪೈಪು ದಡದಡ ಎಂದಿತು, ಮನೆಯಲ್ಲಿ ಕೂಸು ಅತ್ತಿತು. ಅವನು ಗೋಡೆ ಒಡೆಯುವ ಸುತ್ತಿಗೆ, ಉಳಿ ತರಲು ಎದ್ದ.