ಜಳಕದ ಹೊತ್ತು

ವಾಸಿಯಾಗದ ಕಾಯಿಲೆಯ ಮಕ್ಕಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಪುಟ್ಟ ಸಂಸ್ಥೆಯೊಂದನ್ನು ನಾನು ನಡೆಸುತ್ತೇನೆ. ಕಚೇರಿಯ ಗೋಡೆಗೆ 'ನಮ್ಮ ಉದ್ದೇಶ' ಎಂಬ ದೊಡ್ಡ ಫಲಕ ಹಾಕಿಸಿದವಳೂ ನಾನೇ. ಅದನ್ನು ಬರೆಯುವುದಕ್ಕೆ ಮೂರು ಸಭೆ ಬೇಕಾದವು.

ಆ ಹುರುಪಿನಲ್ಲೇ ಯರಗುಪ್ಪಿಯ ಒಬ್ಬ ತಾಯಿಯನ್ನು ಕೇಳಿದೆ: "ನಮ್ಮಿಂದ ನಿಮಗ ಏನಾಗಬೇಕ್ರಿ?"

ನಾಲ್ಕು ವರ್ಷದ ಮಗಳನ್ನು ತೊಡೆಯಿಂದ ಇಳಿಸದೆಯೇ ಅವಳು ಹೇಳಿದಳು: "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇಕಿನ್ನ ಸ್ವಲ್ಪ ಹಿಡ್ಕೊಂಡು ಕುಂಡ್ರಿ. ನಾ ತಲಿಗೆ ನೀರು ಹಾಕ್ಕೊಂಡು ಎಂಟು ದಿನಾ ಆತ್ರಿ."

ನಮ್ಮ ಫಲಕದಲ್ಲಿ ಜಳಕದ ಮಾತು ಎಲ್ಲೂ ಇರಲಿಲ್ಲ.

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಆ ಮಗು ನನ್ನ ಮಡಿಲಲ್ಲಿ. ಬಚ್ಚಲಲ್ಲಿ ತಂಬಿಗೆಯಿಂದ ನೀರು ಸುರಿಯುವ ಸದ್ದು, ಸೀಗೆಕಾಯಿಯ ವಾಸನೆ, ಬಾಗಿಲಾಚೆ ಬಿಸಿಲ ಝಳದಲ್ಲಿ ತೇಲುವಂತೆ ಕಾಣುವ ಎರೆಹೊಲ. ಮಗುವಿನ ಉಸಿರಿನ ಜೊತೆ ನನ್ನದೂ ನಿಧಾನವಾಗುತ್ತಿತ್ತು. ನಿದ್ದೆ ಯಾರದು, ಎಚ್ಚರ ಯಾರದು ತಿಳಿಯುತ್ತಿರಲಿಲ್ಲ. ಬೇರೆ ಮನೆಗಳಿಗೆ ಹೋಗುವ ನರ್ಸ್‌ಗಳಿಗೂ ಹೇಳಿದೆ: ಮೊದಲು ಮಗುವನ್ನು ಎತ್ತಿಕೊಳ್ಳಿ, ಔಷಧಿ ಚೀಲ ಆಮೇಲೆ ತೆಗೆಯಿರಿ.

ಮಗು ತೀರಿಕೊಂಡ ನಂತರದ ಗುರುವಾರವೂ ಹೋದೆ. ಅವಳು ಎಂದಿನಂತೆ ಗೋಡೆಯ ಪಕ್ಕ ಚಾಪೆ ಹಾಸಿದಳು.

"ಕುಂಡ್ರಿ ಅಕ್ಕಾರ, ಜಳಕಾ ಮಾಡಿ ಬರ್ತೀನಿ."

ಚಕ್ಕಳಮಕ್ಕಳ ಹಾಕಿ ಕುಳಿತೆ. ಬಚ್ಚಲಲ್ಲಿ ನೀರಿನ ಸದ್ದು ಶುರುವಾಯಿತು. ಅದು ನಿಲ್ಲುವ ತನಕ ನಾನು ತೊಡೆ ಅಲುಗಿಸಲಿಲ್ಲ.